ಹಾಲುಗಂಬಕ್ಕೆ ಬಿಟ್ಟ ಜಾಗ

ಇಂದು ಬೆಳಿಗ್ಗೆ ಕಿಟಕಿ ತೆರೆದರೆ ಹಸಿ ಸಿಮೆಂಟಿನ ವಾಸನೆ. ನಿಮಗೆ ಅದು ಹೊಸ ಮನೆಯ ಶುಭದ ವಾಸನೆ ಇರಬಹುದು. ನನ್ನನ್ನು ಮಾತ್ರ ಅದು ಕೂತಲ್ಲಿ ಕೂರಗೊಡುವುದಿಲ್ಲ. ಕಾಫಿ ಲೋಟ ಹಿಡಿದು ಹಜಾರಕ್ಕೂ ಗೇಟಿಗೂ ಓಡಾಡತೊಡಗಿದೆ.

ಕಾರಣ ಪಕ್ಕದ ಮನೆಯ ಪುಟ್ಟಸ್ವಾಮಿ. ಇಲ್ಲೇ ಹತ್ತಿರದ ಕೊಪ್ಪದ ಕಡೆಯಿಂದ ಮಂಡ್ಯಕ್ಕೆ ಬಂದು ಮನೆ ಕಟ್ಟಿಸಿದವರು. ಒಪ್ಪಿಗೆ ಪಡೆದ ನಕ್ಷೆಯಲ್ಲಿ ಸುತ್ತ ಬಿಡಬೇಕಾದ ಖಾಲಿ ಜಾಗ, ಅಂದರೆ ಸೆಟ್‌ಬ್ಯಾಕ್, ಬಲು ಚೆಂದವಾಗಿತ್ತು. ನೆಲದ ಮೇಲೆ ಅದು ಕಾಣಲಿಲ್ಲ. ಒಂದಷ್ಟನ್ನು ಅಡುಗೆಮನೆ ನುಂಗಿತು. ಉಳಿದದ್ದಕ್ಕೆ ಕಾಂಪೌಂಡಿನ ಬುಡದವರೆಗೆ ಕಾಂಕ್ರೀಟು ಸುರಿದು ಹೊಳೆಯುವ ಟೈಲ್ಸ್ ಹಾಸಿದರು. ಮಣ್ಣಿದ್ದರೆ ಕಾಲಿಗೆ ಅಂಟುತ್ತದಂತೆ. ಗದ್ದೆಯಲ್ಲಿ ಬೆಳೆದವರ ಮಾತು ಇದು. ಅಂದಿನಿಂದ ಅವರ ಅಂಗಳದ ಮಳೆನೀರು ಒಂದು ಹನಿಯೂ ಇಂಗದೆ ಕಾಂಪೌಂಡಿನ ಸಂದಿಯಲ್ಲಿ ನುಸುಳಿ ನನ್ನ ನಡುಮನೆಗೆ ಬರುತ್ತಿದೆ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟಿದ್ದೇವೆ. ಗೋಡೆ ಮೊಳಕಾಲೆತ್ತರ ಬೂಷ್ಟು ಹಿಡಿದಿದೆ.

ನಿಯಮ ತಿಳಿಸಲು ಹೋದಾಗ ಅಳತೆಯ ಟೇಪನ್ನೂ ಹಿಡಿದು ಹೋದೆ. ಟೇಪು ಬೇಕಿರಲಿಲ್ಲವೆಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ. ಪುಟ್ಟಸ್ವಾಮಿ ಕುರ್ಚಿ ಬಿಟ್ಟು ಏಳಲಿಲ್ಲ.

"ನನ್ ಜಾಗ, ನನ್ ಸಿಮೆಂಟು. ನೀರು ತಗ್ಗಿಗೆ ಓಯ್ತದೆ ಯಜಮಾನ್ರೇ, ನಿಮ್ ಮನೆ ಎತ್ರ ಮಾಡ್ಕಳಿ."

ಮಾತನ್ನು ಬೇಕಾದರೆ ಮರೆತೇನು. ಕೂತೇ ಹೇಳಿದ್ದನ್ನು ಮರೆಯಲಾರೆ.

ಈ ಬೇಸಿಗೆಯಲ್ಲಿ ಅವರ ಮಗಳ ಮದುವೆ ಗೊತ್ತಾಯಿತು. ಮದುವೆ ಛತ್ರದಲ್ಲಾದರೂ ಮನೆ ಮುಂದೆ ಚಪ್ಪರ ಏಳಬೇಕಲ್ಲ. ಚಪ್ಪರಕ್ಕೆ ಮೊದಲು ಹಾಲೆರೆದು ನೆಡುವ ಹಾಲುಗಂಬಕ್ಕೆಂದು ಹುಡುಗಿಯ ಸೋದರಮಾವ ತನ್ನೂರು ಹೊಳಲಿನಿಂದ ಹಸಿ ಅತ್ತಿಕೊಂಬೆ ಹೊತ್ತು ತಂದ. ನೆಡಲು ಗೇಣು ಮಣ್ಣಿಲ್ಲ. ಮರಳು ತುಂಬಿದ ಬಣ್ಣದ ಡಬ್ಬದಲ್ಲಿ ನಿಲ್ಲಿಸೋಣವೆಂದು ಪುಟ್ಟಸ್ವಾಮಿ ಸೂಚಿಸಿದರು. ಹಾಲಿನ ಚೊಂಬು ಹಿಡಿದು ನಿಂತಿದ್ದ ಅವರ ತಾಯಿ ತಿಮ್ಮಮ್ಮನ ಉತ್ತರ ಇಡೀ ಬೀದಿಗೆ ಕೇಳಿಸಿತು.

"ನಿನ್ ಮದ್ವೆ ಕಂಬವ ಡಬ್ಬದೊಳಗೆ ನೆಟ್ಟಿದ್ನೇನ್ಲಾ ನಾನು? ಒಡಿ ನೆಲವ."

ಒಡೆದರು. ಪ್ರತಿ ಏಟನ್ನೂ ನಾನು ಕಿಟಕಿಯಲ್ಲಿ ನಿಂತು ಸಂಗೀತದಂತೆ ಕೇಳಿದೆ. ಮದುವೆಯ ಊಟಕ್ಕೂ ಹೋದೆ. ಅನ್ನದ ಮೇಲೆ ನನಗೇನು ದ್ವೇಷ?

ಈಗ ಚಪ್ಪರ ಬಿಚ್ಚಿಯಾಗಿದೆ. ಕಂಬ ಕಿತ್ತು ಗುಂಡಿ ಮುಚ್ಚುವುದಕ್ಕೇ ಈ ಸಿಮೆಂಟು, ಮಳೆಗಾಲವೋ ತಲೆಯ ಮೇಲೇ ಇದೆ ಎಂದುಕೊಂಡು, ತಡೆಯಲಾರದೆ ಹೋದೆ. ನೋಡಿದರೆ ಕಲಸಿದ ಸಿಮೆಂಟು ಬಾಣಲಿಯಲ್ಲೇ ಇದೆ. ಅತ್ತಿಕಂಬ ಚಿಗುರಿದೆ. ಚಿಗುರಿದ ಹಾಲುಗಂಬವನ್ನು ಕಿತ್ತರೆ ಮೊಮ್ಮಗಳ ಬಾಳು ಏನಾಗಬೇಕೆಂದು ತಿಮ್ಮಮ್ಮ ಗುಂಡಿಯ ಪಕ್ಕದಲ್ಲೇ ಕೂತುಬಿಟ್ಟಿದ್ದಾರೆ.

ನನ್ನನ್ನು ಕಂಡು ಪುಟ್ಟಸ್ವಾಮಿ ಈ ಸಲ ಎದ್ದು ನಿಂತರು. "ಇದುಕ್ಕೆ ಎಷ್ಟು ಜಾಗ ಬುಡ್ಬೇಕು ಯಜಮಾನ್ರೇ? ನಿಮ್ ಟೇಪು ತನ್ನಿ."

ಟೇಪು ತಂದೆ. ಒಂದು ಮಂಕರಿ ಕವುಚುವಷ್ಟು ಜಾಗವೆಂದು ಅವರು ಭಾವಿಸಿದ್ದಿರಬೇಕು. ನಾನು ಮಂಡಿಯೂರಿ, ನಕ್ಷೆಯಲ್ಲಿದ್ದ ಗೆರೆಯನ್ನೇ ಗೇಟಿನಿಂದ ಹಿತ್ತಲವರೆಗೆ ಆ ಹೊಳೆಯುವ ಟೈಲ್ಸ್ ಮೇಲೆ ಸೀಮೆಸುಣ್ಣದಲ್ಲಿ ಎಳೆದೆ. ಪುಟ್ಟಸ್ವಾಮಿ ಗೆರೆಯನ್ನು ನೋಡಿದರು, ಮೋಡವನ್ನು ನೋಡಿದರು.

ತಿಮ್ಮಮ್ಮ ಹಾರೆಯನ್ನು ಮಗನ ಕಡೆಗೆ ನೂಕಿದರು.