ಶ್ರಾವಣ ಸೋಮವಾರದ ದೆವ್ವದ ಸಿನಿಮಾ

ಕುಂದಗೋಳದ ಟಾಕೀಸಿನ ಟಿಕೇಟು ಕೋಣೆಯಲ್ಲಿ ನಾನು ಹನ್ನೊಂದು ವರ್ಷ ಕೂತಿದ್ದೆ. ಅಷ್ಟು ವರ್ಷಗಳಲ್ಲಿ ಒಂದು ಸಿನಿಮಾವನ್ನೂ ಮೊದಲಿನಿಂದ ಕೊನೆಯವರೆಗೆ ನೋಡಲಿಲ್ಲ. ನೋಡಬೇಕು ಅನ್ನಿಸಲೂ ಇಲ್ಲ. ಗೋಡೆಯಾಚೆಯ ಸದ್ದಿನಿಂದಲೇ ಹೀರೋ ಹೊಡೆಯುತ್ತಿದ್ದಾನೋ ಹೊಡೆಸಿಕೊಳ್ಳುತ್ತಿದ್ದಾನೋ ಗೊತ್ತಾಗುತ್ತಿತ್ತು. ನನಗೆ ಅಷ್ಟು ಸಾಕಿತ್ತು. ಟಿಕೇಟು ಕೇಳುವವರ ಮುಖ ನೋಡುವುದರಲ್ಲೇ ನನಗೆ ಹೆಚ್ಚು ಆಸಕ್ತಿ. ಕಿಂಡಿ ಸಣ್ಣದು. ಒಂದು ಸಲಕ್ಕೆ ಒಂದೇ ಮುಖ ಕಾಣುತ್ತದೆ, ಅದೂ ಬಾಗಿದ ಮುಖ.

ಕೊನೆಯ ಹೊತ್ತಿಗೆ ನಾವು ನಾಲ್ಕೇ ಮಂದಿ ಉಳಿದಿದ್ದೆವು. ಮೇಲಿನ ಕೋಣೆಯಲ್ಲಿ ಮಷೀನು ನೋಡಿಕೊಳ್ಳುವ ಆಪರೇಟರು, ಚಹಾ-ಚುರಮುರಿ ಮಾರುವ ಕ್ಯಾಂಟೀನಿನವನು, ಬಾಗಿಲಲ್ಲಿ ಟಿಕೇಟು ಹರಿಯುವ ಕಾಕಾ, ಮತ್ತು ನಾನು. ಗಂಡಸರ ಕಿಂಡಿಯವನು ಕೆಲಸ ಬಿಟ್ಟ ಮೇಲೆ ಎರಡೂ ಕಿಂಡಿ ನನ್ನ ಪಾಲಿಗೆ ಬಂದಿದ್ದವು. ಸಂಬಳ ಮಾತ್ರ ಒಂದೇ ಕಿಂಡಿಯದು. ಕಾಕಾ ಎಪ್ಪತ್ತರ ಹತ್ತಿರದ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಪರದೆಯ ಹಿಂದಿನ ಕೋಣೆಯಲ್ಲೇ ಇರುತ್ತಿದ್ದರು. ಒಬ್ಬಳೇ ಮಗಳು ಅಣ್ಣಿಗೇರಿಯಲ್ಲಿದ್ದಳು. ಅಳಿಯನ ಮನೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ಇದ್ದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವರೇ ಹೇಳುತ್ತಿದ್ದರು.

ಮಾಲಕರದು ಹತ್ತಿ, ಮೆಣಸಿನಕಾಯಿಯ ವ್ಯಾಪಾರ. ಟಾಕೀಸು ಅವರ ತಂದೆ ಕಟ್ಟಿಸಿದ್ದು. ಆಷಾಢದಲ್ಲಿ ಒಂದು ದಿನ ನಮ್ಮನ್ನೆಲ್ಲ ಕರೆದು, ಕಟ್ಟಡವನ್ನು ಹುಬ್ಬಳ್ಳಿಯ ವ್ಯಾಪಾರಿಯೊಬ್ಬರಿಗೆ ಗೋದಾಮಿಗೆ ಕೊಡುವ ಮಾತಾಗಿದೆ, ಶ್ರಾವಣ ಮುಗಿದ ಮೇಲೆ ಬಾಗಿಲು ಹಾಕೋಣ ಎಂದರು. ಯಾರೂ ಎದುರಾಡಲಿಲ್ಲ. ಖಾಲಿ ಕುರ್ಚಿಗಳನ್ನು ನಾವೂ ದಿನಾ ನೋಡುತ್ತಿದ್ದೆವಲ್ಲ. ಕಾಕಾ ಮಾತ್ರ, ತಮ್ಮ ಟ್ರಂಕು ಅಣ್ಣಿಗೇರಿಯ ಮನೆಯಲ್ಲಿ ಎಲ್ಲಿ ಹಿಡಿಸೀತು ಎಂದು ಎರಡು ಸಲ ನನ್ನನ್ನೇ ಕೇಳಿದರು. ನಾನೇನು ಆ ಮನೆ ನೋಡಿದ್ದೆನೇ?

ಶ್ರಾವಣ ಹಿಡಿಯುತ್ತಲೇ ಬಂತು ಆ ದೆವ್ವದ ಸಿನಿಮಾ. ಬೇರೆ ಯಾವುದೂ ಸಿಗಲಿಲ್ಲವೆಂದು ತರಿಸಿದ್ದು. ಒಂದು ಮನೆ, ಆರು ಮಂದಿ, ಒಂದು ದೆವ್ವ. ಎಲ್ಲರೂ ಹೊಸಬರು. ದೆವ್ವದ ವಿಗ್ಗು ಹಣೆಯಿಂದ ಮೇಲಕ್ಕೆ ಸರಿದಿದ್ದು ಪೋಸ್ಟರಿನಲ್ಲೇ ಕಾಣುತ್ತಿತ್ತು. ಭಾನುವಾರದವರೆಗೆ ಜೀವ ಹಿಡಿದರೆ ಹೆಚ್ಚು ಎಂದು ಆಪರೇಟರು ಭವಿಷ್ಯ ನುಡಿದ. ಶುಕ್ರವಾರ, ಶನಿವಾರ ಅವನ ಮಾತು ನಿಜವಾಯಿತು. ಭಾನುವಾರವೂ ಅಷ್ಟಕ್ಕಷ್ಟೇ.

ಸಿನಿಮಾದವರಿಗೆ ಸೋಮವಾರವೆಂದರೆ ಪರೀಕ್ಷೆಯ ದಿನ. ಭಾನುವಾರದ ಮಂದಿ ಇಳಿದುಹೋಗಿ ಸಿನಿಮಾದ ನಿಜವಾದ ತೂಕ ತಿಳಿಯುವುದು ಅಂದೇ. ಆ ಸೋಮವಾರ ಎರಡೂವರೆಯ ಮ್ಯಾಟಿನಿಗೆ ಕಿಂಡಿ ತೆರೆದರೆ ಹೆಂಗಸರ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಗಂಡಸರ ಕಿಂಡಿಯ ಹತ್ತಿರ ಒಂದು ನಾಯಿ ಮಲಗಿತ್ತು. ನಾನು ಎಡಗೈ ಬಲಗೈ ನೋಡದೆ ಟಿಕೇಟು ಹರಿದು ಕೊಟ್ಟೆ. ಕೆಳಗಿನ ಕುರ್ಚಿಗಳೆಲ್ಲ ತುಂಬಿದವು.

ಆಟ ಬಿಟ್ಟ ಮೇಲೆ ಕ್ಯಾಂಟೀನಿನವನು ಸಿಟ್ಟಿನಿಂದ ಹೊರಗೆ ಬಂದ. ಅಷ್ಟು ಮಂದಿ ಬಂದರೂ ಅವನ ಚುರಮುರಿ ಖರ್ಚಾಗಿರಲಿಲ್ಲ. ಕುರ್ಚಿಗಳ ಕೆಳಗೆ ಕೊಬ್ಬರಿಯ ಚೂರು, ಬಾಳೆಹಣ್ಣಿನ ಸಿಪ್ಪೆ, ಉದುರಿದ ಸೇವಂತಿಗೆ. ಇದನ್ನು ನೋಡಿ ಆಪರೇಟರು, ಕ್ಯಾಂಟೀನಿನವನು ಇಬ್ಬರೂ ತಲೆ ಕೂಡಿಸಿ ಒಂದು ತೀರ್ಮಾನಕ್ಕೆ ಬಂದರು: ಸಿನಿಮಾ ಎಷ್ಟು ಭಯಂಕರವಾಗಿದೆಯೆಂದರೆ ಹೆಂಗಸರು ದೆವ್ವ ಬಡಿಯದಿರಲೆಂದು ಕಾಯಿ ಒಡೆಸಿಕೊಂಡೇ ಬರುತ್ತಿದ್ದಾರೆ. ದೀಪದ ಬುಡಕ್ಕೆ ಕತ್ತಲೆ. ಆ ಅಷ್ಟೂ ಹೆಂಗಸರ ಮುಖ ನೋಡಿದವಳು ನಾನೊಬ್ಬಳೇ, ನನ್ನನ್ನು ಯಾರೂ ಕೇಳಲಿಲ್ಲ.

ಆಪರೇಟರನಿಗೆ ಇನ್ನೊಂದು ಚಿಂತೆ ಇತ್ತು. ಸಿನಿಮಾದಲ್ಲಿ ಸೊಸೆಯ ಮೈಮೇಲೆ ದೆವ್ವ ಬರುತ್ತದೆ. ಅವಳು ಮಾವನ ಕುರ್ಚಿಯ ಮೇಲೆ ಕಾಲು ಚಾಚಿ ಕೂತು, ಮನೆಯವರನ್ನೆಲ್ಲ ಎದುರಿಗೆ ನಿಲ್ಲಿಸಿ, ಒಬ್ಬೊಬ್ಬರ ಲೆಕ್ಕ ತೀರಿಸುತ್ತಾಳೆ. ನೀನು ಬಿಸಿ ರೊಟ್ಟಿ ತಟ್ಟು, ನೀನು ಕುಡಿಯಲು ನೀರು ತಾ, ನೀನು ನನ್ನ ತವರಿಗೆ ಫೋನ್ ಮಾಡಿ ನಾನು ಚೆನ್ನಾಗಿಲ್ಲವೆಂದು ಹೇಳು. ಅವರು ನಡುಗುತ್ತ ಹೇಳಿದಂತೆ ಮಾಡುತ್ತಾರೆ. ಇಡೀ ಸಿನಿಮಾದಲ್ಲಿ ಎದೆ ಒಡೆಯುವ ಜಾಗ ಇದೇ ಎಂದು ಆಪರೇಟರನ ನಂಬಿಕೆ. ಅಲ್ಲಿಯೇ ಹೆಂಗಸರು ಬಿದ್ದು ಬಿದ್ದು ನಕ್ಕರು, ಒಬ್ಬಳು ಸೀಟಿ ಕೂಡ ಹೊಡೆದಳು. ಸದ್ದು ಸರಿ ಬರುತ್ತಿಲ್ಲವೆಂದು ಅವನು ಹುಬ್ಬಳ್ಳಿಯ ರಿಪೇರಿಯವರಿಗೆ ಫೋನು ಮಾಡಿ, ಮಂಗಳವಾರವಿಡೀ ಏಣಿ ಹತ್ತಿ ಸ್ಪೀಕರುಗಳ ವಾಯರು ಬಿಚ್ಚಿ ಕಟ್ಟಿದ.

ಎರಡನೆಯ ಸೋಮವಾರ ಬಾಲ್ಕನಿಯೂ ತುಂಬಿತು. ನಗು ನನ್ನ ಕೋಣೆಯ ಗೋಡೆ ದಾಟಿ ಬಂತು. ಮಾಲಕರೇ ಬಂದು ನಿಂತು ನೋಡಿದರು. ಬೇರೆ ಊರುಗಳಲ್ಲೂ ಆ ಸಿನಿಮಾ ನಡೆದಿತ್ತಂತೆ, ಆದರೆ ಸೋಮವಾರ ಏರಿದ್ದು ನಮ್ಮಲ್ಲಿ ಮಾತ್ರ. ಸಂಜೆ ನಮ್ಮನ್ನು ಕೂಡಿಸಿಕೊಂಡು ಕಾರಣ ಕೇಳಿದರು. ಹೆಂಗಸರಿಗೆ ಬಸ್ಸು ಫ್ರೀ ಆಗಿದೆಯಲ್ಲ, ಅದಕ್ಕೆ ಎಂದ ಕ್ಯಾಂಟೀನಿನವನು. ಬಸ್ಸು ಕಳೆದ ತಿಂಗಳೂ ಫ್ರೀ ಇತ್ತು, ದೊಡ್ಡ ಹೀರೋನ ಸಿನಿಮಾಕ್ಕೆ ಯಾಕೆ ಬರಲಿಲ್ಲ ಎಂದರು ಮಾಲಕರು. ಆಪರೇಟರು ಕಾಯಿಯ ಮಾತು ತೆಗೆದ. ಮಾಲಕರು ಅವನನ್ನು ಕೆಕ್ಕರಿಸಿ ನೋಡಿ, ಎದ್ದು ನಿಂತು ಹೇಳಿದರು:

"ಯಾಕ ಓಡಾಕತ್ತೈತಿ ಅಂತ ಯಾರರ ಹೇಳ್ರಿ. ಕಾರಣ ಗೊತ್ತಾತಂದ್ರ ಅಂಥಾವ ಇನ್ನಾ ನಾಕು ತರಸ್ತೀನಿ, ಟಾಕೀಸ ಇಡತೀನಿ. ಗೊತ್ತಾಗಲಿಲ್ಲಂದ್ರ ಇದು ಲಾಟರಿ. ಲಾಟರಿ ನಂಬಿ ನಾ ಅಂಗಡಿ ಇಟ್ಟಿಲ್ಲ."

ಗುರುವಾರದವರೆಗೆ ವಾಯಿದೆ ಕೊಟ್ಟು ಹೋದರು.

ಮರುದಿನ ಮಧ್ಯಾಹ್ನ ಕಾಕಾ ನನ್ನ ಕಿಂಡಿಗೆ ಬಂದು ಬಾಗಿದರು. ನಿನಗೆ ಗೊತ್ತಿರಬೇಕು, ನಿನ್ನ ಮುಖ ನೋಡಿದರೆ ತಿಳಿಯುತ್ತದೆ ಎಂದರು. ನನ್ನನ್ನೇ ಎಂದು ಕೇಳಿದ್ದು ಅವರೊಬ್ಬರೇ. ಹೇಳಿಬಿಟ್ಟೆ.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಹೊಲಕ್ಕೆ ರಜೆ. ಶ್ರಾವಣದ ಸೋಮವಾರವಂತೂ ಸೊಸೆಯಂದಿರು ಊರ ಶಿವನ ಗುಡಿಗೆ ಹೋಗಿ ಬರುತ್ತೇವೆಂದರೆ ಯಾವ ಮನೆಯಲ್ಲೂ ಬೇಡ ಅನ್ನುವಂತಿಲ್ಲ. ಸುತ್ತಲ ಹಳ್ಳಿಗಳಿಂದ ಬಸ್ಸಿಗೆ ಬಂದು, ಬೇಗ ಬೇಗ ಕಾಯಿ ಒಡೆಸಿ, ಅವರು ಟಾಕೀಸಿಗೆ ಬರುತ್ತಿದ್ದರು. ಹಣೆಯ ಮೇಲಿನ ವಿಭೂತಿ ಇನ್ನೂ ಹಸಿಯಾಗಿರುತ್ತಿತ್ತು. ಊರಿನ ಮುಸ್ಲಿಂ ಓಣಿಯ ಹೆಣ್ಣುಮಕ್ಕಳೂ ಸುದ್ದಿ ತಿಳಿದು ಅವರ ನಡುವೆ ನಿಲ್ಲುತ್ತಿದ್ದರು. ಅವರು ಮನೆಯಲ್ಲಿ ಏನು ಹೇಳಿ ಬಂದಿದ್ದರೋ, ನಾನು ಕೇಳಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಸೊಸೆಯ ಕಾಲ ಸೋಮವಾರ ಎರಡೂವರೆಯಿಂದ ಐದರವರೆಗೆ ಇತ್ತು.

ಅವರಲ್ಲಿ ಒಬ್ಬಳು, ಹತ್ತಿರದ ಹಳ್ಳಿಯ ದೊಡ್ಡ ಮನೆತನದವಳು, ಮೂವತ್ತರ ಆಸುಪಾಸು. ತನ್ನ ನೆಗೆಣ್ಣಿಯನ್ನೂ ಓಣಿಯ ಏಳೆಂಟು ಮಂದಿಯನ್ನೂ ಕರೆತಂದು ಎಲ್ಲರ ಟಿಕೇಟನ್ನೂ ತಾನೇ ಕೇಳುತ್ತಿದ್ದಳು. ಮನೆಯಲ್ಲಿ ಗುಡಿಗೆಂದು ಹೇಳಿ ಬಂದಿದ್ದೇವೆ, ಐದರ ಬಸ್ಸಿಗೆ ಬಿಡುತ್ತೀರಲ್ಲ ಎಂದು ಮೊದಲ ವಾರವೇ ಕೇಳಿದ್ದಳು. ಎರಡನೆಯ ವಾರ ನಾನು, ನೋಡಿದ್ದನ್ನೇ ಮತ್ತೆ ಯಾಕೆ ನೋಡುತ್ತೀ ಎಂದು ಛೇಡಿಸಿದೆ. ಅವಳು ನಗಲಿಲ್ಲ.

"ಅಕಿ ಮಾತಾಡೂದು ಕೇಳಾಕ ಬರತೇವ್ರಿ ಅಕ್ಕಾರ. ನಾವು ಹೊಟ್ಯಾಗ ಇಟಗೊಂಡದ್ದನ್ನ ಅಕಿ ಬಾಯಿ ಬಿಟ್ಟು ಹೇಳತಾಳ."

ಇದಿಷ್ಟನ್ನೂ ಕಾಕಾಗೆ ಹೇಳಿದೆ. ಅವರು ಕಿಂಡಿಯ ಕಟ್ಟೆಗೆ ಕೈ ಊರಿ ಇನ್ನಷ್ಟು ಬಾಗಿದರು.

"ಗುಟ್ಟು ಅವರದವ್ವಾ. ನಮ್ಮ ಹೊಟ್ಟಿ ಸಲುವಾಗಿ ನಾವು ಮಾರೂದು ಬ್ಯಾಡ."

ನನಗೆ ಸಿಟ್ಟು ಬಂತು. ಕೋಣೆ ಹೋಗುವುದು ಅವರದು, ಅಳಿಯನ ಮನೆಯಲ್ಲಿ ತಟ್ಟೆ ಹಿಡಿಯಬೇಕಾದವರು ಅವರು, ದೊಡ್ಡತನದ ಮಾತು ಬೇರೆ! ನನಗೂ ಆ ಸಂಬಳ ಬೇಕಿತ್ತು, ಅದನ್ನು ಮುಚ್ಚಿಡುವುದಿಲ್ಲ. ಗುರುವಾರ ಬೆಳಿಗ್ಗೆ ಕಾಕಾಗೆ ತಿಳಿಸದೆ ನಾನೇ ಮಾಲಕರ ಅಂಗಡಿಗೆ ಹೋಗಿ ಎಲ್ಲ ಹೇಳಿದೆ.

ಮಾಲಕರು ತೊಡೆ ತಟ್ಟಿ ನಕ್ಕರು. ಚಹಾ ತರಿಸಿದರು. ಹನ್ನೊಂದು ವರ್ಷದಲ್ಲಿ ಅವರು ನನಗೆ ಚಹಾ ತರಿಸಿದ್ದು ಅದೇ ಮೊದಲು. ಸುತ್ತಲ ಹಳ್ಳಿಗಳಿಗೆಲ್ಲ ಆಟೋದಲ್ಲಿ ಮೈಕು ಕಟ್ಟಿ ಕಳಿಸೋಣ, ಹೆಂಗಸರ ಸಿನಿಮಾ ಅಂದ ಮೇಲೆ ಹೆಂಗಸಿನ ಧ್ವನಿಯೇ ಇರಲಿ, ನೀವೇ ಹೇಳಿಬಿಡಿ ಎಂದರು. ನಾನು ಒಲ್ಲೆ ಅನ್ನಲಿಲ್ಲ. ಅನ್ನಲಿಲ್ಲ ಎಂಬುದಷ್ಟೇ ಅಲ್ಲ, ಉಬ್ಬಿಹೋದೆ. ಮಾತುಗಳನ್ನು ನಾನೇ ಬರೆದೆ, ಅವರ ಮೊಬೈಲಿನಲ್ಲಿ ಮೂರು ಸಲ ಹೇಳಿ ಚೆಂದ ಬಂದದ್ದನ್ನು ಇಟ್ಟುಕೊಂಡೆವು. ಅವ್ವಂದಿರೇ, ಅಕ್ಕತಂಗಿಯರೇ, ಶ್ರಾವಣ ಸೋಮವಾರ ಗುಡಿಗೆ ಬಂದವರು ಹಾಗೆಯೇ ಟಾಕೀಸಿಗೂ ಬನ್ನಿ, ಮ್ಯಾಟಿನಿ ನಿಮಗಾಗಿಯೇ, ಐದರ ಬಸ್ಸಿಗೆ ತಪ್ಪದೆ ಬಿಡುತ್ತೇವೆ. ಐದರ ಬಸ್ಸಿನ ಮಾತು ಸೇರಿಸಿದ್ದು ನನ್ನದೇ ಜಾಣತನ.

ಶನಿವಾರ, ಭಾನುವಾರ ಎರಡು ದಿನ ಆಟೋ ತಿರುಗಿತು. ಓಣಿ ಓಣಿಗೆ, ಊರಬಾಗಿಲಿನ ಅಗಸಿಯ ಮುಂದೆ, ಮುದುಕರು ಕೂರುವ ಕಟ್ಟೆಯ ಮುಂದೆ ನಿಂತು ನನ್ನ ಧ್ವನಿ ಕೂಗಿತು. ಕಾಕಾ ಅದನ್ನು ಟಾಕೀಸಿನ ಎದುರೇ ಕೇಳಿದರು. ನನ್ನ ಕಡೆ ನೋಡದೆ ಒಳಗೆ ಹೋದರು.

ಮೂರನೆಯ ಸೋಮವಾರ ಟಾಕೀಸು ತುಂಬಿತು. ಮಾಲಕರು ಗೇಟಿನಲ್ಲಿ ಕೈ ಕಟ್ಟಿ ನಿಂತಿದ್ದರು. ಆದರೆ ಕಿಂಡಿಯಲ್ಲಿ ಬಾಗಿದ ಮುಖಗಳು ಬೇರೆಯಾಗಿದ್ದವು. ವಯಸ್ಸಾದವರು, ಕೈಚೀಲದ ಬಾಯಿ ಬಿಗಿ ಹಿಡಿದವರು. ನಾಕು ಕೊಡವ್ವಾ, ಐದು ಕೊಡವ್ವಾ ಎಂದು ಅವರೇ ಕೇಳಿದರು. ಅವರ ಬೆನ್ನ ಹಿಂದೆ ಸೊಸೆಯಂದಿರು ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದರು. ದೊಡ್ಡ ಮನೆತನದವಳೂ ಇದ್ದಳು. ಅವಳ ಅತ್ತೆ ಗಟ್ಟಿಮುಟ್ಟಾದ, ನಗುಮುಖದ ಹೆಂಗಸು. ಇಷ್ಟು ದಿನ ಇವರು ಏನು ನೋಡುತ್ತಿದ್ದರೋ ನಾನೂ ನೋಡುತ್ತೇನೆ ಎಂದು ನನಗೇ ಹೇಳಿ ಟಿಕೇಟು ತೆಗೆದುಕೊಂಡಳು. ಸೊಸೆ ನನ್ನನ್ನು ಗುರುತೇ ಇಲ್ಲದವಳಂತೆ ದಾಟಿ ಹೋದಳು.

ಆ ದಿನ ನಾನು ಕಿಂಡಿ ಮುಚ್ಚಿ ಒಳಗೆ ಹೋದೆ. ಬಾಗಿಲ ಪರದೆಯ ಹತ್ತಿರ ಕಾಕಾನ ಬಾಜು ನಿಂತೆ. ದೆವ್ವ ಬಂದ ಸೊಸೆ ಮಾವನ ಕುರ್ಚಿಯ ಮೇಲೆ ಕಾಲು ಚಾಚಿದಳು. ರೊಟ್ಟಿ ಕೇಳಿದಳು, ನೀರು ಕೇಳಿದಳು, ತವರಿಗೆ ಫೋನು ಮಾಡಿಸಿದಳು. ತುಂಬಿದ ಟಾಕೀಸಿನಲ್ಲಿ ಒಂದು ಬಳೆಯ ಸದ್ದೂ ಇರಲಿಲ್ಲ. ಪರದೆಯ ಬೆಳಕಿನಲ್ಲಿ ಸಾಲು ಸಾಲು ಹೆಂಗಸರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಪಕ್ಕದವರ ಕಡೆ ನೋಡದೆ, ಮನೆಯ ಪಡಸಾಲೆಯಲ್ಲಿ ಕೂತಂತೆಯೇ ಕೂತಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಆಪರೇಟರು ಮೆಟ್ಟಿಲಿಳಿದು ಓಡಿ ಬಂದ. ಇವತ್ತು ಸದ್ದು ಸರಿ ಬಂತು, ಹೇಗೆ ಹೆದರಿದ್ದಾರೆ ನೋಡಿ ಎಂದು ಮಾಲಕರಿಗೆ ತೋರಿಸಿದ. ಮಾಲಕರು ನನ್ನ ಕಡೆ ತಿರುಗಿ, ನಿಮ್ಮ ಕಾರಣ ಅಗದಿ ಬರೋಬರಿ ಎಂದರು.

ನಾಲ್ಕನೆಯ ಸೋಮವಾರ ಕಿಂಡಿಗೆ ಬಂದವರು ಆರು ಮಂದಿ. ಅವರಲ್ಲಿ ನಾಲ್ವರು ಗಂಡಸರು. ಮಾಲಕರು ಜಗಳವಾಡಲಿಲ್ಲ. ನಿಮ್ಮ ಕಾರಣವೂ ಲಾಟರಿಯೇ ಆಯಿತು ಎಂದಷ್ಟೇ ಹೇಳಿ, ಗಣೇಶ ಚೌತಿಗೆ ಮೊದಲೇ ಕಟ್ಟಡ ಕೊಟ್ಟರು. ಕಾಕಾ ಟ್ರಂಕು ಹಿಡಿದು ಅಣ್ಣಿಗೇರಿಯ ಬಸ್ಸು ಹತ್ತಿದರು. ಹತ್ತುವಾಗಲೂ ನನಗೆ, ಆರೋಗ್ಯ ನೋಡಿಕೋ ಎಂದರೇ ಹೊರತು ಇನ್ನೊಂದು ಮಾತಾಡಲಿಲ್ಲ. ಒಂದು ಸಲ ಬೈದು ಹೋಗಿದ್ದರೆ ಅವರ ಮೇಲೆ ನನಗೆ ಈಗಲೂ ಇಷ್ಟು ಸಿಟ್ಟು ಇರುತ್ತಿರಲಿಲ್ಲ.

ನಾನು ಈಗ ಪೇಟೆಯ ಅರಿವೆ ಅಂಗಡಿಯಲ್ಲಿ ಸೀರೆ ತೋರಿಸುತ್ತೇನೆ. ಹೋದ ವರ್ಷ ದೀಪಾವಳಿಯ ಮುಂದೆ ಆ ದೊಡ್ಡ ಮನೆತನದ ಅತ್ತೆ ಸೊಸೆ ಬಂದರು. ನಾನು ಮಾತಾಡಿದ ಕೂಡಲೇ ಅತ್ತೆ ಕತ್ತು ಎತ್ತಿದಳು.

"ಮೈಕಿನ್ಯಾಗ ಕೂಗಿದಾಕಿ ನೀನ ಅಲ್ಲೇನವ್ವಾ? ಛಲೋ ಆತು ಹೇಳಿದ್ದು. ಇಲ್ಲಾಂದ್ರ ನನಗೆಲ್ಲಿ ತಿಳೀತಿತ್ತು."

ಅದರಲ್ಲಿ ಕೊಂಕಿರಲಿಲ್ಲ. ಖುಷಿಯಿಂದಲೇ ಹೇಳಿ, ಆಚೆ ತೂಗುಹಾಕಿದ ಇಳಕಲ್ಲ ಸೀರೆ ನೋಡಲು ಎದ್ದು ಹೋದಳು. ಸೊಸೆ ನನ್ನೆದುರು ಕೂತೇ ಇದ್ದಳು. ಒಂದು ಸೀರೆಯ ಅಂಚನ್ನು ಬೆರಳಿನಲ್ಲಿ ಹಿಡಿದು, ನನ್ನ ಮುಖ ನೋಡದೆ ಹೇಳಿದಳು:

"ಈಗ ಗುಡಿಗೂ ಅತ್ತಿ ನಮ್ಮ ಜೋಡೀನ ಬರತಾರ್ರಿ ಅಕ್ಕಾರ."

ತಪ್ಪಾಯಿತು ತಂಗಿ ಅನ್ನಬೇಕಿತ್ತು. ಬಾಯಿಗೆ ಬಂದೂ ಇತ್ತು. ಈ ಬಣ್ಣ ಹೋಗುವುದಿಲ್ಲ, ತೊಗೊಳ್ಳಿ ಎಂದೆ.