ಬಾಗಿಲ ಹಿಂದಿನ ಕಸ

ನಾನು ಹುಟ್ಟಿ ಬೆಳೆದ ಕುಮಟೆಯ ಮನೆಯಲ್ಲಿ ಕಸಬರಿಗೆ ಇತ್ತು, ಅದಕ್ಕೆ ಕೆಲಸ ಇರಲಿಲ್ಲ. ಐದು ಮಕ್ಕಳು, ಒಂದು ಬೆಕ್ಕು, ಹಳೇ ಪೇಪರಿನ ರಾಶಿ, ಯಾವತ್ತೋ ಕೆಟ್ಟುಹೋದ ರೇಡಿಯೊ, ಎಲ್ಲವೂ ನಡುಕೋಣೆಯಲ್ಲೇ ಸಂಸಾರ ಹೂಡಿದ್ದವು. ನೆಂಟರು ಬರುವ ಸುದ್ದಿ ಬಂದರೆ ಅಮ್ಮ ಎಲ್ಲವನ್ನೂ ಮಂಚದ ಕೆಳಗೆ ತಳ್ಳಿ ಮೇಲಿಂದ ಚಾದರ ಇಳಿಬಿಡುತ್ತಿದ್ದಳು. ಹಾಗಾಗಿ ಚೊಕ್ಕಟವಾದ ಮನೆ ಕಂಡರೆ ನನಗೆ ಮೊದಲಿನಿಂದಲೂ ಒಂದು ಥರದ ಸಿಟ್ಟು. ಇವರಿಗೆ ಬೇರೆ ಕೆಲಸ ಇಲ್ಲ, ಬಂದವರಿಗೆ ತೋರಿಸಿಕೊಳ್ಳಲಿಕ್ಕೆ ತಿಕ್ಕುತ್ತಾರೆ ಎಂದುಕೊಳ್ಳುತ್ತಿದ್ದೆ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಮಾವಳ್ಳಿಯ ಶಾಲೆಗೆ ಟೀಚರಾಗಿ ಬಂದೆ. ಬಾಡಿಗೆಗೆ ಸಿಕ್ಕಿದ್ದು ಒಬ್ಬ ಟೇಲರರ ಮನೆಯಲ್ಲಿ ಜಗಲಿಗೆ ಹೊಂದಿಕೊಂಡ ಕೋಣೆ. ಗಂಡ ಹೆಂಡತಿ ಇಬ್ಬರೇ, ಮಕ್ಕಳಿಲ್ಲ. ಗಂಡ ರಸ್ತೆ ಬದಿಯ ಅಂಗಡಿಯಲ್ಲಿ ಶಾಲಾ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದರು. ನಾನು ಅವರನ್ನು ಟೇಲರಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ನಮ್ಮ ಕಡೆಯ ರೂಢಿಯಂತೆ ಅವರಿಬ್ಬರಿಗೂ ನಾನು ಅಕ್ಕೋರು. ವಯಸ್ಸು ಇಪ್ಪತ್ತನಾಲ್ಕಾದರೇನು, ಕೈಯಲ್ಲಿ ಚಾಕ್‌ಪೀಸ್ ಹಿಡಿದ ಹೆಂಗಸು ಅಕ್ಕೋರೇ.

ಮೊದಲ ದಿನವೇ ಆ ಮನೆ ನನ್ನ ಬಾಯಿ ಮುಚ್ಚಿಸಿತು. ಶ್ರೀಮಂತರ ಮನೆಯಲ್ಲ. ಕೆಂಪು ಕಲ್ಲಿನ ಗೋಡೆ, ಹೆಂಚಿನ ಮಾಡು, ಒಳಗೆಲ್ಲ ಸೆಗಣಿ ಸಾರಿಸಿದ ನೆಲ. ಅಕ್ಕ ಕರಟ ಸುಟ್ಟ ಮಸಿಯನ್ನು ಸೆಗಣಿಗೆ ಬೆರೆಸಿ, ಅಡಿಕೆ ಹಾಳೆಯ ತುಂಡು ಹಿಡಿದು, ಹಿಂದೆ ಹಿಂದೆ ಸರಿಯುತ್ತ ಸಾರಿಸುತ್ತಿದ್ದಳು. ಅವಳದು ಎಡಗೈ. ಒಣಗಿದ ಮೇಲೆ ಆ ಕಪ್ಪು ನೆಲದಲ್ಲಿ ಕಿಟಕಿಯ ಸರಳುಗಳ ನೆರಳು ಲೆಕ್ಕ ಮಾಡಬಹುದಿತ್ತು. ಸಮುದ್ರ ಕೂಗಳತೆಯಲ್ಲಿದ್ದರೂ ದಂಡೆಯ ಮರಳು, ನಮ್ಮ ಕಡೆಯ ಹೊಯ್ಗೆ, ಒಂದು ಕಾಳೂ ಮನೆಯೊಳಗೆ ಬರುತ್ತಿರಲಿಲ್ಲ. ಮೆಟ್ಟಿಲ ಬಳಿ ಸದಾ ತಂಬಿಗೆ ತುಂಬಿ ನೀರು, ಯಾರೇ ಬರಲಿ ಕಾಲು ತೊಳೆದೇ ಬರಬೇಕು. ಮೀನು ಕೊಯ್ಯುವುದು ಹಿತ್ತಲಿನ ಒಂದು ಕಲ್ಲಿನ ಮೇಲೆ. ಕೊಯ್ದಾದ ಮೇಲೆ ಆ ಕಲ್ಲಿಗೆ ಮೂಗು ಹಚ್ಚಿ ನೋಡಿದರೂ ಬಂಗಡೆಯ ಸುಳಿವು ಸಿಗುತ್ತಿರಲಿಲ್ಲ. ನಾನು ಹಚ್ಚಿ ನೋಡಿದ್ದೇನೆ.

ಅವಳಿಗೆ ಒಂದೇ ಶತ್ರು ಇತ್ತು, ನೂಲು. ಟೇಲರಣ್ಣ ಸಂಜೆ ಅಂಗಡಿಯಿಂದ ಬಂದು ಅಂಗಿಯನ್ನು ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕುತ್ತಿದ್ದರು. ಆ ಅಂಗಿಯಿಂದ ಯೂನಿಫಾರ್ಮಿನ ನೀಲಿ ನೂಲಿನ ತುಂಡುಗಳು ಉದುರುತ್ತಲೇ ಇರುತ್ತಿದ್ದವು. ಅಕ್ಕ ದಿನಾ ಬೆಳಿಗ್ಗೆ ಬಾಗಿಲು ಮುಂದಕ್ಕೆಳೆದು, ಅದರ ಹಿಂದೆ ಕೂತು, ಒಂದೊಂದನ್ನೇ ಹೆಕ್ಕಿ ತೆಗೆಯುತ್ತಿದ್ದಳು. ಬಾಗಿಲ ಹಿಂದೆ ಯಾರು ನೋಡುತ್ತಾರೆ ಎಂದು ನಾನೊಮ್ಮೆ ತಮಾಷೆ ಮಾಡಿದೆ.

"ಕಾಣು ಜಾಗ ಎಲ್ಲರೂ ಗುಡಿಸ್ತ್ರು ಅಕ್ಕೋರೆ," ಅಂದಳು ತಲೆ ಎತ್ತದೆ. "ಬಾಗಿಲ ಹಿಂದೆ ಗುಡಿಸಿದ್ರೆ ಮಾತ್ರ ಗುಡಿಸಿದ ಹಾಂಗೆ."

ನನ್ನ ಕೋಣೆಯ ಸ್ಥಿತಿ ಅವಳು ನೋಡಿದ್ದಳು. ಅದೇ ದೊಡ್ಡ ಅವಮಾನ.

ಆ ಮನೆಯಲ್ಲಿ ಇದ್ದು ನನ್ನ ಕಣ್ಣು ಕೆಟ್ಟಿತೆನ್ನಬೇಕು. ಶಾಲೆಗೆ ಬರದ ಮಕ್ಕಳ ಪಟ್ಟಿ ಮಾಡಲು ಮನೆ ಮನೆ ತಿರುಗುವ ಕೆಲಸ ಬಂದಾಗ ಹೋದಲ್ಲೆಲ್ಲ ನೆಲ ನೋಡತೊಡಗಿದೆ. ಕಾಯ್ಕಿಣಿಯ ಒಂದು ಗದ್ದೆಮನೆಯಲ್ಲಿ ಮುದುಕಿಯೊಬ್ಬಳು ಕೋಳಿಗಳಿಗೂ ಅಂಗಳದ ಒಂದು ಗೆರೆ ದಾಟದಂತೆ ಕಲಿಸಿದ್ದಳು. ಹೊನ್ನಾವರದಲ್ಲಿ ಮೀನು ಮಾರುವ ಹೆಂಗಸೊಬ್ಬಳ ಮನೆಗೆ ಹೋಗಿದ್ದೆ. ಇಡೀ ದಿನ ಪೇಟೆಯ ಕೆಸರಿನಲ್ಲಿ ಕೂತು ಬಂದವಳ ಮನೆಯ ತಾಮ್ರದ ಕೊಡಗಳಲ್ಲಿ ನನ್ನ ಮುಖ ಕಂಡಿತು. ಭಟ್ಕಳದ ಒಂದು ನವಾಯತ ಮುಸ್ಲಿಮರ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಡಲು ಹೆದರಿ, ಹೊರಗೇ ನಿಂತು ಮಕ್ಕಳ ಹೆಸರು ಬರೆದುಕೊಂಡು ಬಂದೆ. ಇವರೆಲ್ಲ ಯಾರಿಗೆ ತೋರಿಸಲು ತಿಕ್ಕುತ್ತಿದ್ದರು? ವರ್ಷಕ್ಕೊಮ್ಮೆ ಪಟ್ಟಿ ಹಿಡಿದು ಬರುವ ನನ್ನಂಥವಳಿಗಂತೂ ಅಲ್ಲ. ನನ್ನ ಹಳೇ ಸಿಟ್ಟು ಎಲ್ಲಿ ಹೋಯಿತೋ, ಬರೀ ಬೆರಗು ಉಳಿಯಿತು.

ನಾನು ಬಂದ ಎರಡನೇ ವರ್ಷ ಟೇಲರಣ್ಣನಿಗೆ ಎದೆನೋವು ಶುರುವಾಯಿತು. ಹೊನ್ನಾವರದ ಡಾಕ್ಟರು ಮಂಗಳೂರಿಗೆ ಕಳಿಸಿದರು, ಮಂಗಳೂರಿನಲ್ಲಿ ಎದೆ ಬಿಚ್ಚಿ ಆಪರೇಷನ್ ಮಾಡಬೇಕು ಎಂದರು. ಆಗ ನಮ್ಮ ಕಡೆ ಅದು ಸಣ್ಣ ಮಾತಲ್ಲ. ಹೋದವರು ಬಂದರೆ ಬಂದರು. ಅಕ್ಕ ಆ ವಾರ ಪಾತ್ರೆಗಳನ್ನು ದಿನಕ್ಕೆ ಎರಡು ಸಲ ಬೂದಿ ಹಾಕಿ ತಿಕ್ಕಿದಳು.

ಹೊರಡುವ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಹೋದರು. ನಾನು ಗೇಟಿನವರೆಗೆ ಹೋಗಿ ಬಂದೆ. ಬಂದು ನೋಡಿದರೆ ನನಗೆ ನಂಬಲಾಗಲಿಲ್ಲ. ಕದ ತೆರೆದೇ ಇತ್ತು, ಪಕ್ಕದ ಮನೆಯ ದೊಡ್ಡಕ್ಕ, ಅಂದರೆ ಟೇಲರಣ್ಣನ ಅಕ್ಕ, ಆಮೇಲೆ ಬಂದು ಬೀಗ ಹಾಕುತ್ತೇನೆ ಎಂದಿದ್ದಳು. ಒಳಗೆ ನೆಲದ ಮೇಲೆ ಅಡಿಕೆಯ ಚೂರು, ವೀಳ್ಯದೆಲೆಯ ತೊಟ್ಟು, ಹರಿದ ಚೀಟಿಯ ಕಾಗದ. ಟೇಲರಣ್ಣ ಕುಡಿದಿಟ್ಟ ಚಹಾದ ಲೋಟ ಹಾಗೇ ಇತ್ತು, ತಳದಲ್ಲಿ ಇರುವೆ. ಎರಡು ವರ್ಷದಲ್ಲಿ ಆ ಮನೆಯನ್ನು ನಾನು ಹೀಗೆ ಕಂಡಿರಲಿಲ್ಲ. ಪಾಪ, ಗಾಬರಿಯಲ್ಲಿ ಪುರಸೊತ್ತಾಗಲಿಲ್ಲ ಎಂದುಕೊಂಡೆ. ಅವಳು ಬಂದಾಗ ಮನೆ ಹೀಗಿರಬಾರದು ಅನ್ನಿಸಿತು. ಎಷ್ಟೋ ಸಲ ಉಂಡ ಮನೆ, ಒಮ್ಮೆಯಾದರೂ ಉಪಕಾರ ತೀರಿಸೋಣ ಎಂದು ಸೆರಗು ಸಿಕ್ಕಿಸಿ ಕಸಬರಿಗೆ ಹಿಡಿದೆ.

ಗುಡಿಸಿದೆ. ಲೋಟ ತೊಳೆದೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು, ಹುರುಪು ಏರಿತ್ತು. ದೊಡ್ಡಕ್ಕನ ಕೊಟ್ಟಿಗೆಯಿಂದ ಸೆಗಣಿ ತಂದು, ಮಸಿ ಕಲಸಿ, ಒಳಗಿಂದ ಹೊರಬಾಗಿಲ ತನಕ ಸಾರಿಸಿಯೂ ಬಿಟ್ಟೆ. ಜೀವನದಲ್ಲಿ ಮೊದಲ ಸಲ. ಹೊರಗೆ ನಿಂತು ನನ್ನ ಕೆಲಸ ನಾನೇ ನೋಡಿ ಹಿಗ್ಗುತ್ತಿರುವಾಗ ದೊಡ್ಡಕ್ಕ ಬೀಗ ಹಿಡಿದು ಬಂದಳು. ಒದ್ದೆ ನೆಲ ನೋಡಿದವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಎಂತ ಮಾಡ್ದಿರಿ ಅಕ್ಕೋರೆ," ಅಂದಳು. ಜೋರು ದನಿಯಲ್ಲ, ಕೇಳಿಸುವುದೇ ಕಷ್ಟ. "ಹೋದವರ ಬೆನ್ನಿಗೇ ಸಾರಿಸೂದು ಯಾವಾಗ ಗೊತ್ತಿಲ್ವಾ? ಹೆಣ ಹೊರಗೆ ಹೋದ ಮೇಲೆ."

ನನಗೆ ಗೊತ್ತಿರಲಿಲ್ಲ. ಕುಮಟೆಯವಳು, ಗೊತ್ತಿರಬೇಕಿತ್ತು. ಆದರೆ ನಮ್ಮ ಮನೆಯಲ್ಲಿ ಹೋದವರು ತಿರುಗಿ ಬಂದರೂ ಕಸ ಇದ್ದಲ್ಲೇ ಇರುತ್ತಿತ್ತು, ಇಂಥ ಶಾಸ್ತ್ರ ಹೇಳಿಕೊಡುವ ಸಂದರ್ಭವೇ ಅಮ್ಮನಿಗೆ ಬಂದಿರಲಿಲ್ಲ. ದೊಡ್ಡಕ್ಕ ಹೇಳಿದಳು, ಊರಿಗೆ ಹೋದವರಾದರೆ ತಲುಪಿದ ಸುದ್ದಿ ಬರುವವರೆಗೆ ಗುಡಿಸಬಾರದು, ಆಸ್ಪತ್ರೆಗೆ ಹೋದವರಾದರೆ ಅವರೇ ಬಂದು ಮೆಟ್ಟಿಲು ಹತ್ತಬೇಕು. ಅಲ್ಲಿಯ ತನಕ ಅವರು ಬಿಟ್ಟ ಕಸ ಅವರ ಹೆಸರಿನಲ್ಲಿ ಮನೆಯಲ್ಲಿ ಇರಬೇಕು. ಅಂದರೆ ಅಕ್ಕ ಪುರಸೊತ್ತಿಲ್ಲದೆ ಬಿಟ್ಟು ಹೋದದ್ದಲ್ಲ. ಒಂದು ನೂಲು ನೋಡಿದರೆ ನಿದ್ದೆ ಬಾರದ ಹೆಂಗಸು ಅಷ್ಟು ಕಸವನ್ನು ಕಣ್ಣಾರೆ ನೋಡಿ, ಕೈ ಕಟ್ಟಿಕೊಂಡು, ದಾಟಿ ಹೋಗಿದ್ದಳು.

"ಕಸ ಎಲ್ಲಿ ಹಾಕಿದ್ರಿ?" ದೊಡ್ಡಕ್ಕ ಎದ್ದಳು.

"ತೆಂಗಿನ ಬುಡಕ್ಕೆ."

ಇಬ್ಬರೂ ಹಿತ್ತಲಿಗೆ ಓಡಿದೆವು. ಅಷ್ಟರಲ್ಲಿ ಕೋಳಿಗಳು ಕೆದರಿದ್ದವು. ಅಡಿಕೆ ಚೂರು ಎರಡು ಸಿಕ್ಕವು, ಕಾಗದ ಸಿಕ್ಕಿತು, ಉಳಿದದ್ದು ಯಾವುದು ಮನೆಯದು ಯಾವುದು ಹಿತ್ತಲಿನದು ಗೊತ್ತಾಗಲಿಲ್ಲ. ಬುಟ್ಟಿಯಲ್ಲಿ ಎಲ್ಲ ಬಾಚಿಕೊಂಡು ಬಂದು, ನೆಲ ಒಣಗಿದ ಮೇಲೆ ಇಬ್ಬರೂ ಕೂತು ಹರಡಿದೆವು. ಇಲ್ಲಿ ಕಾಗದ ಇತ್ತು, ಅಲ್ಲಿ ತೊಟ್ಟು ಇತ್ತು ಎಂದು ನಾನು ನೆನಪು ಮಾಡಿ ಹೇಳುವುದು, ಅವಳು ಇಡುವುದು. ಮಕ್ಕಳಿಗೆ ವಿಜ್ಞಾನ ಕಲಿಸುವ ನಾನು ಆ ಬೆಳಿಗ್ಗೆ ಅಷ್ಟು ಶ್ರದ್ಧೆಯಿಂದ ಕಸ ಹಾಕಿದೆ. ನಗು ಬರಬೇಕಿತ್ತು, ಬರಲಿಲ್ಲ.

"ಇದು ಲೆಕ್ಕಕ್ಕೆ ಬರ್ತದಾ?" ಎಂದು ಕೇಳಿದೆ.

"ನಂಗೆಂತ ಗೊತ್ತು," ಅಂದಳು ದೊಡ್ಡಕ್ಕ. "ಯಾರೂ ಹೀಂಗೆ ಮಾಡಿದ್ದಿಲ್ಲ."

ಫೋನಿನಲ್ಲಿ ಅಕ್ಕನಿಗೆ ಹೇಳುವುದು ಬೇಡ ಎಂದು ದೊಡ್ಡಕ್ಕನೇ ತೀರ್ಮಾನಿಸಿ, ಬೀಗದ ಕೈ ನನಗೆ ಕೊಟ್ಟಳು. ಆಮೇಲೆ ಹದಿನಾರು ದಿನ ನಾನು ಆ ಕಸವನ್ನು ಕಾಯ್ದೆ. ಗಾಳಿ ಬೀಸಿದರೆ ಕಿಟಕಿ ಹಾಕುತ್ತಿದ್ದೆ, ಕೋಳಿ ಬಂದರೆ ಓಡಿಸುತ್ತಿದ್ದೆ. ಒಳಗೆ ಹೋಗಬೇಕಾದರೆ ಗೋಡೆಗೆ ಅಂಟಿಕೊಂಡು ಹೋಗುತ್ತಿದ್ದೆ. ಇದೆಲ್ಲ ಸುಳ್ಳು, ಕಸಕ್ಕೂ ಎದೆಯ ರಕ್ತನಾಳಕ್ಕೂ ಸಂಬಂಧವಿಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದೆ. ಹನ್ನೊಂದನೇ ಸಲ ಹೋಗಿ ಅಡಿಕೆ ಚೂರು ಇದೆಯೇ ಎಂದು ನೋಡಿ ಬರುತ್ತಿದ್ದೆ. ಆಪರೇಷನ್ನಿನ ದಿನ ರಸ್ತೆ ಬದಿಯ ಕಿರಾಣಿ ಅಂಗಡಿಗೆ ಫೋನು ಬಂತು, ಆಪರೇಷನ್ ಆಗಿದೆ, ಎಚ್ಚರ ಆಗಿಲ್ಲ ಎಂದು. ಆ ಮಧ್ಯಾಹ್ನ ಮಕ್ಕಳಿಗೆ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಮರುದಿನ ಕಣ್ಣು ಬಿಟ್ಟರು, ಗಂಜಿ ಕೇಳಿದರು ಎಂದಾಗ ದೊಡ್ಡಕ್ಕ ಅಂಗಡಿಯ ಮುಂದೆಯೇ ಅತ್ತಳು. ನಾನೂ ಅತ್ತೆ.

"ಈಗ್ಲೇ ಬಾಯಿ ಬಿಡುದು ಬೇಡ," ಎಂದಳು ಕಣ್ಣೊರೆಸಿಕೊಂಡು. "ಮೆಟ್ಟಿಲು ಹತ್ತಲಿ."

ಹದಿನೇಳನೇ ದಿನ ಬಾಡಿಗೆ ಕಾರಿನಲ್ಲಿ ಬಂದರು. ಟೇಲರಣ್ಣ ಅರ್ಧ ಆಗಿದ್ದರು. ಅಕ್ಕ ತಂಬಿಗೆ ಎತ್ತಿ ತಾನೇ ಅವರ ಕಾಲು ತೊಳೆದಳು, ತೋಳು ಹಿಡಿದು ಮೆಟ್ಟಿಲು ಹತ್ತಿಸಿ, ಜಗಲಿಯ ಕುರ್ಚಿಯಲ್ಲಿ ಕೂರಿಸಿ ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಹೇಳಬೇಕಾದ ಮಾತನ್ನು ಹದಿನಾರು ದಿನ ಬಾಯಿಪಾಠ ಮಾಡಿದ್ದೆ.

ಅವಳು ನಡುಮನೆಯಲ್ಲಿ ನಿಂತಳು. ಬಗ್ಗಿ ಬೆರಳಿನಿಂದ ನೆಲ ಮುಟ್ಟಿದಳು.

"ಈ ಹೊಯ್ಗೆ ನಮ್ಮನೇದಲ್ಲ," ಅಂದಳು. ಕತ್ತು ಓರೆ ಮಾಡಿ ಬೆಳಕಿಗೆ ನೆಲ ನೋಡಿದಳು. "ಇದು ಬಲಗೈಲಿ ಸಾರಿಸಿದ್ದು."

"ನಾನೇ ಅಕ್ಕ. ನೀವು ಹೋದ ದಿನವೇ. ನಂಗೆ ಗೊತ್ತಿರಲಿಲ್ಲ."

ನನ್ನ ಮೇಲೆ ಕೂಗಲಿಲ್ಲ. ಕೂಗಿದ್ದರೆ ನನಗೆ ಹಗುರಾಗುತ್ತಿತ್ತು. "ನೀವು ಕಸಬರಿಗೆ ಮುಟ್ತ್ರಿ ಅಂತ ನಂಗೆ ಅಂದಾಜೇ ಆಗ್ಲಿಲ್ಲ," ಎಂದಳು, ಅದೂ ತನ್ನನ್ನೇ ಬೈದುಕೊಳ್ಳುವ ದನಿಯಲ್ಲಿ. ಆಮೇಲೆ ನೆಲಕ್ಕೆ ಕೂತು ಒಂದೊಂದೇ ಮೂಲೆ ನೋಡತೊಡಗಿದಳು. ಅಕ್ಕಿ ಡಬ್ಬದ ಹಿಂದೆ ಕೈ ಹಾಕಿದಳು. ಒರಳಿನ ಬುಡ ನೋಡಿದಳು. ಗಂಡ ಜೀವಂತ ಹೊರಗೆ ಕೂತಿದ್ದಾನೆ, ಇವಳಿಗೆ ಇನ್ನೇನು ಬೇಕು ಎಂದು ನನಗೆ ಅರ್ಥವಾಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು ಅದನ್ನು ಮುಂದಕ್ಕೆ ಎಳೆದಳು.

ಬಾಗಿಲ ಹಿಂದೆ ನಾನು ಗುಡಿಸಿರಲಿಲ್ಲ. ಸಾರಿಸಿಯೂ ಇರಲಿಲ್ಲ. ಬಾಗಿಲು ಗೋಡೆಗೆ ತಾಗಿ ನಿಂತಿತ್ತು, ಅದರ ಈಚೆಯವರೆಗೆ ಹಾಳೆ ಆಡಿಸಿ ಮುಗಿಸಿದ್ದೆ. ಮೊಳೆಯ ಮೇಲೆ ಟೇಲರಣ್ಣನ ಅಂಗಡಿಯ ಅಂಗಿ ಹಾಗೇ ತೂಗುತ್ತಿತ್ತು. ಅದರ ಕೆಳಗೆ, ಅಕ್ಕನೇ ಸಾರಿಸಿದ್ದ ಹಳೇ ನೆಲದ ಒಂದು ಮೊಳ ಜಾಗದಲ್ಲಿ, ನಾಲ್ಕೈದು ನೀಲಿ ನೂಲಿನ ತುಂಡುಗಳು ಬಿದ್ದಿದ್ದವು.

ಅವಳು ಅಲ್ಲೇ ಕೂತುಬಿಟ್ಟಳು. ನೂಲು ಮುಟ್ಟಲಿಲ್ಲ, ನೋಡುತ್ತ ಕೂತಳು. ಹದಿನೇಳು ದಿನದಲ್ಲಿ ಅವಳು ಅತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ, ಆಗ ಅತ್ತಳು.

"ಇಲ್ಲಿ ಬಿಟ್ಟಿದ್ರಿ ಅಕ್ಕೋರೆ," ಅಂದಳು. "ಇಷ್ಟು ಸಾಕಾತು."

ಜಗಲಿಯಿಂದ ಟೇಲರಣ್ಣನ ಸಣ್ಣ ದನಿ ಕೇಳಿತು, "ಎಂತ ಮಾಡ್ತೆ ಒಳಗೆ?"

"ಎಂತ ಇಲ್ಲ," ಎಂದು ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಕಸ ಗುಡಿಸ್ತೆ."

ಕಸಬರಿಗೆ ತೆಗೆದುಕೊಂಡು ಆ ನೂಲಿನಿಂದಲೇ ಶುರು ಮಾಡಿದಳು. ಬಾಗಿಲ ಹಿಂದಿನಿಂದ ಅಡುಗೆಮನೆ, ಅಡುಗೆಮನೆಯಿಂದ ನಡುಮನೆ, ನಾವು ತಂದು ಹಾಕಿದ ಹಿತ್ತಲಿನ ಹೊಯ್ಗೆಯನ್ನೆಲ್ಲ ಸೇರಿಸಿ ಹೊರಗೆ ತಳ್ಳಿದಳು. ಸಂಜೆಯ ಹೊತ್ತಿಗೆ ಎಡಗೈಯಲ್ಲಿ ಇಡೀ ಮನೆ ಸಾರಿಸಿ, ನನ್ನ ಬಲಗೈಯ ಗುರುತು ಒಂದೂ ಉಳಿಯದಂತೆ ಮಾಡಿದಳು.

ಈಗ ನನ್ನದೇ ಮನೆಯಿದೆ, ಟೈಲ್ಸಿನ ನೆಲ. ದಿನಾ ಬಾಗಿಲು ಎಳೆದು ಅದರ ಹಿಂದೆ ಗುಡಿಸುತ್ತೇನೆ, ಅವಳ ಮನೆಯಲ್ಲಿ ಕಲಿತದ್ದು. ಮನೆಯವರು ಯಾರಾದರೂ ದೂರ ಹೊರಟ ದಿನ ಮಾತ್ರ ಆ ಜಾಗ ಬಿಡುತ್ತೇನೆ.