ಬಸ್ಸು ಹತ್ತಿದ ಮೀನುಬುಟ್ಟಿ

ಕುಂದಾಪುರದಲ್ಲಿ ಇಗರ್ಜಿಗೆ ತಾಗಿಕೊಂಡಿದ್ದ ಹೈಸ್ಕೂಲಿಗೆ ನಾನು ಕಾರ್ಯಾನುಭವದ ಮಾಸ್ತರನಾಗಿ ಸೇರಿದ್ದು ತೊಂಬತ್ತರ ದಶಕದ ಕೊನೆಗೆ. ಮರ, ತಗಡು, ಬಿದಿರು, ಅಳತೆ, ನಕ್ಷೆ, ಇಷ್ಟೇ ನನ್ನ ಪಾಠ. ಪಬ್ಲಿಕ್ ಪರೀಕ್ಷೆಗೆ ಬಾರದ ವಿಷಯ ನೋಡಿ, ಗಣಿತ ಮುಗಿದಿಲ್ಲ, ಇವತ್ತೊಂದು ಪೀರಿಯಡ್ ಬಿಟ್ಟುಕೊಡಿ ಎಂದು ಉಳಿದ ಮಾಸ್ತರರು ಹಲ್ಲು ಕಿರಿಯುತ್ತಾ ಬರುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಜಗಳವಾಗುವ ಮೊದಲೇ ಅದನ್ನು ನಿಲ್ಲಿಸಿದವರು ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್. ಕೈಯಲ್ಲಿ ಕಲಿಯುವುದೂ ಕಲಿಕೆಯೇ ಎಂದು ಸ್ಟಾಫ್ ಮೀಟಿಂಗಿನಲ್ಲಿ ಒಂದೇ ಮಾತು ಹೇಳಿದರು. ಆಮೇಲೆ ಯಾರೂ ನನ್ನ ಬಾಗಿಲಿಗೆ ಬರಲಿಲ್ಲ.

ಅವರದು ಮಾತು ಕಡಿಮೆ. ಸೇರಿದ ವಾರ, ಮಧ್ಯಾಹ್ನ ಇಗರ್ಜಿಯ ಗಂಟೆ ಹೊಡೆದು ಎಲ್ಲರೂ ಪ್ರಾರ್ಥನೆಗೆ ಎದ್ದು ನಿಂತಾಗಲೂ ನಾನು ಗೊತ್ತಿಲ್ಲದೆ ಮೊಳೆ ಹೊಡೆಯುತ್ತಲೇ ಇದ್ದೆ. ತಲೆಯೆತ್ತಿದರೆ ಬಾಗಿಲಲ್ಲಿ ಸಿಸ್ಟರ್ ಕೈ ಜೋಡಿಸಿ ನಿಂತಿದ್ದಾರೆ. ಪ್ರಾರ್ಥನೆ ಮುಗಿದ ಮೇಲೆ ಒಳಗೆ ಬಂದು, ಈ ಸ್ಟೂಲಿನ ಕಾಲು ಯಾಕೆ ಓರೆ ಎಂದು ಕೇಳಿದರು, ಅಷ್ಟೇ. ಮರುದಿನದಿಂದ ಗಂಟೆಯ ಮೊದಲೇ ನನ್ನ ಸುತ್ತಿಗೆ ಕೆಳಗಿರುತ್ತಿತ್ತು.

ಒಂಬತ್ತನೆಯ ಕ್ಲಾಸಿನವರಿಗೆ ಪ್ರತಿ ವರ್ಷ ಒಂದೇ ಕೆಲಸ ಕೊಡುತ್ತಿದ್ದೆ. ನಿಮ್ಮ ಮನೆಯಲ್ಲಿ ಯಾರಿಗೆ ಏನು ಕಷ್ಟ ಎಂದು ನೋಡಿ ಬನ್ನಿ, ಅದಕ್ಕೊಂದು ವಸ್ತು ಮಾಡೋಣ. ಹೆಚ್ಚಿನವರು ಪೆನ್ ಸ್ಟ್ಯಾಂಡಿನಾಚೆ ಹೋಗುತ್ತಿರಲಿಲ್ಲ. ಆ ವರ್ಷ ಒಬ್ಬ ಹುಡುಗಿ ಮಾತ್ರ ತಾಯಿಯ ಮೀನುಬುಟ್ಟಿಯ ವಿಷಯ ತಂದಳು. ತಾಯಿ ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡುಕೊಂಡು ಬಸ್ಸಿನಲ್ಲಿ ಹಾಲಾಡಿಗೆ ಹೋಗಿ ಮಾರುವವಳು. ಬುಟ್ಟಿಯಿಂದ ನೀರು ಸೋರುತ್ತದೆಂದು ಅವಳನ್ನು ಹಿಂದಿನ ಬಾಗಿಲ ಮೆಟ್ಟಿಲಲ್ಲೇ ನಿಲ್ಲಿಸುತ್ತಿದ್ದ ಕಂಡಕ್ಟರ್, ಈಗ ಹತ್ತುವುದೇ ಬೇಡ ಅನ್ನುತ್ತಿದ್ದಾನೆ. ಬಸ್ಸು ತಪ್ಪಿದರೆ ಹಾಲಾಡಿಯ ವಾಡಿಕೆಯ ಮನೆಗಳೂ ತಪ್ಪಿದಂತೆ. ಅವರ ಮನೆಯ ಅನ್ನ ನಡೆಯುತ್ತಿದ್ದದ್ದೇ ಅದರಿಂದ.

ನಾನು ಹಾಲಾಡಿ ಕಡೆಯ ದೇವಸ್ಥಾನದ ಊರಿನವನು. ನಮ್ಮ ಮನೆಯೊಳಗೆ ಮೀನು ಬಂದದ್ದಿಲ್ಲ. ಆದರೂ ಸೋರುವುದನ್ನು ನಿಲ್ಲಿಸುವುದು ಯಾವ ಮಹಾ ವಿದ್ಯೆ ಎಂದುಕೊಂಡೆ. ಹುಡುಗಿ ಏನೋ ಹೇಳಲು ಬಾಯಿ ತೆರೆದಳು, ಮೊದಲು ನಕ್ಷೆ ಎಂದು ಸುಮ್ಮನಾಗಿಸಿದೆ. ಬುಟ್ಟಿಯೊಳಗೆ ಕೂರುವಂಥ ತಗಡಿನ ತಟ್ಟೆ ಮಾಡಿ ಮೂಲೆಗಳಿಗೆ ಬೆಸುಗೆ ಹಾಕಿದೆವು. ನೀರು ತುಂಬಿಸಿ ನೋಡಿದರೆ ಒಂದು ಹನಿ ಹೊರಬರಲಿಲ್ಲ. ನನ್ನ ಎದೆ ಒಂದು ಗೇಣು ಉಬ್ಬಿತು.

ಎರಡು ದಿನ ಬಿಟ್ಟು ತಾಯಿಯೇ ಶಾಲೆಗೆ ಬಂದಳು. ಕಂಡಕ್ಟರನ ಕೈಕಾಲು ಹಿಡಿದು ಬಸ್ಸು ಹತ್ತಿದ್ದಳಂತೆ, ನೀರೂ ಸೋರಲಿಲ್ಲವಂತೆ. ಆದರೆ ಹಾಲಾಡಿಯಲ್ಲಿ ಬುಟ್ಟಿ ಇಳಿಸಿ ನೋಡಿದರೆ ಅಡಿಯ ಬಂಗುಡೆ ಮೀನೆಲ್ಲ ಮೆತ್ತಗಾಗಿ, ಹೊಟ್ಟೆ ಒಡೆದು, ಯಾರೂ ಮುಟ್ಟಲಿಲ್ಲ. ಅವಳಿಗೆ ಸಿಟ್ಟಿಗಿಂತ ನನ್ನ ಮೇಲೆ ಕನಿಕರವೇ ಹೆಚ್ಚಿದ್ದಂತಿತ್ತು.

"ಮಾಷ್ಟ್ರೇ, ಮೀನಿಗೆ ಜೀವ ಇಪ್ಪತಿಗೆ ನೀರ್ ಬೇಕ್. ಸತ್ ಮೇಲೆ ನೀರಂಗೆ ಇಪ್ಪುಕಾಗ" ಎಂದಳು.

ಸತ್ತ ಮೀನು ನೀರಿನಲ್ಲಿ ಇರಬಾರದಾದರೆ, ನೀರು ಸೋರಬಾರದು ಎಂದವರು ನೀವೇ ಅಲ್ಲವೇ ಎಂದು ನಾನು ದನಿ ಏರಿಸಿದೆ. ಪಕ್ಕದಲ್ಲೇ ನಿಂತಿದ್ದ ಸಿಸ್ಟರ್, "ಮಾಡುವ ಮೊದಲು ಇವರನ್ನು ಕೇಳಿದ್ದಿರಾ, ಮಾಸ್ತರರೇ?" ಎಂದರು. ಕೇಳಿರಲಿಲ್ಲ. ಹುಡುಗಿ ಅಂದು ಹೇಳಹೊರಟದ್ದೂ ಅದೇ ಮಾತು. ಆ ತಟ್ಟೆಯನ್ನು ಗುಜರಿಗೆ ಹಾಕಲು ಸಿಸ್ಟರ್ ಬಿಡಲಿಲ್ಲ. ವರ್ಕ್‌ಶಾಪಿನ ಗೋಡೆಗೆ ನೇತುಹಾಕಿಸಿದರು. ಮುಂದೆ ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳಿಗೆ ಅದನ್ನು ತೋರಿಸಿ, ಇದು ನನ್ನ ಬುದ್ಧಿವಂತಿಕೆ ಎಂದೇ ಪಾಠ ಶುರು ಮಾಡಿದೆ.

ಎರಡನೆಯ ತಟ್ಟೆ ಹುಡುಗಿಯ ಕೆಲಸ. ಇಡ್ಲಿ ಬೇಯಿಸುವ ಪಾತ್ರೆಯಲ್ಲಿ ನೀರು ಕೆಳಗೆ, ತೂತಿನ ತಟ್ಟೆ ಮೇಲೆ ಇರುವುದಿಲ್ಲವೇ, ಹಾಗೆಯೇ ಎಂದಳು. ಮೀನಿಗೆ ಮೇಲೊಂದು ಬಿದಿರುಕಡ್ಡಿಯ ಹಾಸು, ಇಳಿದ ನೀರಿಗೆ ಕೆಳಗೊಂದು ತಗಡಿನ ತಟ್ಟೆ, ನಡುವೆ ನಾಲ್ಕು ಬೆರಳು ಜಾಗ. ತಟ್ಟೆಗೆ ಒಂದು ಬಿರಡೆ, ಬಸ್ಸು ಇಳಿದ ಮೇಲೆ ನೀರು ಚೆಲ್ಲಲು. ಈ ಸಲ ನಾನು ಬಾಯಿಗೆ ಬೀಗ ಹಾಕಿ, ಅವಳು ಕೇಳಿದ ಉಪಕರಣ ಮಾತ್ರ ಎತ್ತಿಕೊಟ್ಟೆ.

ಆದರೆ ಕಂಡಕ್ಟರ್ ಕೇಳಬೇಕಲ್ಲ. ಬುಟ್ಟಿ ಬದಲಾದರೇನು, ಮೀನು ಮೀನೇ ಎಂದನಂತೆ. ಸುದ್ದಿ ಕೇಳಿದ ಸಿಸ್ಟರ್, ರಜೆಯ ದಿನ ಬೆಳಿಗ್ಗೆ ತಾವೇ ಬಸ್ ಸ್ಟ್ಯಾಂಡಿಗೆ ಬಂದರು. ನಾನೂ ಹೋದೆ. ಸಿಸ್ಟರ್ ಮುಂದಿನ ಬಾಗಿಲಲ್ಲಿ ಹತ್ತಿ ಸೀಟಿನಲ್ಲಿ ಕೂತು, ತಾಯಿಯ ಕೈಯಿಂದ ಬುಟ್ಟಿಯನ್ನು ಈಸಿಕೊಂಡು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಕಂಡಕ್ಟರ್ ಓಡಿ ಬಂದ.

"ನನ್ನ ಬಟ್ಟೆ ಬಿಳಿ. ಒಂದು ಹನಿ ಬಿದ್ದರೂ ಹೇಳಪ್ಪ, ಅಲ್ಲೇ ಇಳಿಯುತ್ತೇವೆ" ಎಂದರು ಸಿಸ್ಟರ್.

ಅವನು ಸೀಟಿ ಊದಿ ಬಸ್ಸು ಬಿಡಿಸಿದ. ಆಚೆ ಬದಿಯ ಹಿಂದಿನ ಸೀಟಿನಲ್ಲಿದ್ದ ನನಗೆ ದಾರಿಯುದ್ದಕ್ಕೂ ಬೇರೇನೂ ಕಾಣಲಿಲ್ಲ, ಆ ಬುಟ್ಟಿಯ ಅಡಿ ಮತ್ತು ಆ ಬಿಳಿ ಬಟ್ಟೆ ಮಾತ್ರ. ಪ್ರತಿ ತಿರುವಿನಲ್ಲಿ, ಪ್ರತಿ ಬ್ರೇಕಿಗೆ ಬಗ್ಗಿ ನೋಡುತ್ತಿದ್ದೆ. ಇಂಥ ಧೈರ್ಯ ನನ್ನಲ್ಲಿಲ್ಲ ಎಂದು ಅವತ್ತೇ ಒಪ್ಪಿಕೊಂಡೆ. ನಾನಾಗಿದ್ದರೆ ಕಂಡಕ್ಟರನೊಡನೆ ಜಗಳವಾಡಿ, ಗೆದ್ದು, ಮರುದಿನ ಅದೇ ಸಿಟ್ಟಿಗೆ ಅವನು ತಾಯಿಯನ್ನು ಮತ್ತೆ ರಸ್ತೆಗೆ ಇಳಿಸುವಂತೆ ಮಾಡುತ್ತಿದ್ದೆ.

ಹಾಲಾಡಿಯಲ್ಲಿ ಸಿಸ್ಟರ್ ಎದ್ದು ನಿಂತರು. ಬಟ್ಟೆಯ ಮೇಲೆ ಬುಟ್ಟಿಯ ಗುರುತು ಮಡಿಕೆಯಾಗಿ ಬಿದ್ದಿತ್ತು, ಒದ್ದೆ ಇರಲಿಲ್ಲ. ಕಂಡಕ್ಟರ್ ಬುಟ್ಟಿಯ ಅಡಿಯಲ್ಲಿ ಅಂಗೈ ಸವರಿ ನೋಡಿದ. ಆಮೇಲೆ ಕೆಳಗಿಳಿದು, ತಾಯಿ ತಲೆಯ ಮೇಲಿನ ಸಿಂಬಿ ಸರಿಪಡಿಸಿಕೊಳ್ಳುವವರೆಗೆ ಕಾದು, ತಾನೇ ಬುಟ್ಟಿ ಎತ್ತಿ ಅವಳ ತಲೆಗೆ ಹೊರಿಸಿದ.

ಮೀನೆಲ್ಲ ಮಾರಿಹೋಯಿತು ಎಂದಷ್ಟೇ ತಾಯಿ ಮನೆಯಲ್ಲಿ ಹೇಳಿದ್ದಳಂತೆ, ಮರುದಿನ ಕ್ಲಾಸಿನಲ್ಲಿ ನಾನು ಹುಡುಗಿಗೆ ಇದನ್ನೆಲ್ಲ ಬಣ್ಣಿಸಿ ಹೇಳಿದೆ. ಹನಿ ಬೀಳಲಿಲ್ಲ, ಪೂರ್ತಿ ಅಂಕ ಎಂದೆ. ಅವಳು ಅಂಕದ ಮಾತು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ.

"ಅಬ್ಬಿಗೆ ಕೂಕಂಬುಕೆ ಜಾಗ ಸಿಕ್ತಾ ಸರ್?" ಎಂದು ಕೇಳಿದಳು.

ತಾಯಿ ಕೂತಳೋ ನಿಂತಳೋ ಎಂದು ಗಮನಿಸದೆ ಬುಟ್ಟಿಯೊಂದನ್ನೇ ನೋಡಿದವನು ನಾನು. ನೆನಪು ಮಾಡಿಕೊಂಡೆ. ಮುಂದಿನ ಸೀಟು, ಕಿಟಕಿಯ ಬದಿ, ತೊಡೆಯ ಮೇಲೆ ಬರಿಗೈ ಇಟ್ಟುಕೊಂಡು ಹೊರಗೆ ನೋಡುತ್ತಿದ್ದ ಒಬ್ಬ ಹೆಂಗಸು.

"ಸಿಕ್ಕಿತು ಮಗಳೇ, ಸಿಸ್ಟರ್ ಪಕ್ಕದಲ್ಲೇ" ಎಂದೆ.